ಡ್ರೈವರ್ ಮಾವನ ಜೊತೆ ಕೊರ್ಫು ಸುತ್ತಿದ್ದು

ಗ್ರೀಸಿನ ಕೊರ್ಫು ದ್ವೀಪದ ಹಳೆ ಪೇಟೆಯೊಳಗೆ ಬಸ್ಸು ಹೋಗುವುದಿಲ್ಲ. ಹೋಗಲು ಜಾಗವೇ ಇಲ್ಲ. ಕೆಲವು ಗಲ್ಲಿಗಳಲ್ಲಿ ಬಟ್ಟೆ ಒಣಗಿಸುವ ಹಗ್ಗವನ್ನು ಈಚೆ ಮನೆಯ ಕಿಟಕಿಯಿಂದ ಆಚೆ ಮನೆಯ ಗೋಡೆಗೆ ಕಟ್ಟಿದ್ದಾರೆ, ಅಷ್ಟು ಇಕ್ಕಟ್ಟು. ಯುನೆಸ್ಕೋ 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಪೇಟೆಯನ್ನೇ. ಹಾಗಿದ್ದೂ ನಾನು ಊರು ತೋರಿಸುವ ಕೆಂಪು ಬಸ್ಸಿಗೆ ಟಿಕೆಟ್ ತೆಗೆದೆ. ಒಂದು, ಅತ್ತೆಗೆ ಮಂಡಿನೋವು. ಇನ್ನೊಂದು, ನಮ್ಮ ಮಾವ.

ಮಾವ ಕೆಎಸ್ಸಾರ್ಟಿಸಿಯಲ್ಲಿ ಡ್ರೈವರಾಗಿದ್ದು ರಿಟೈರಾದವರು. ಊರು ಸುಳ್ಯದ ಹತ್ತಿರ. ಸರ್ವೀಸಿನ ಬಹುಪಾಲು ಮಂಗಳೂರು–ಮಡಿಕೇರಿ ರೂಟಿನಲ್ಲಿ, ಸಂಪಾಜೆ ಘಾಟಿ ಹತ್ತಿ ಇಳಿಯುವುದರಲ್ಲೇ ಕಳೆದಿದೆ. ನಾವಿರುವ ಮ್ಯೂನಿಕ್‌ಗೆ ಬೇಸಿಗೆಯಲ್ಲಿ ಇಬ್ಬರೂ ಬಂದಿದ್ದರು. ಅರಮನೆ, ಚರ್ಚು, ಮ್ಯೂಸಿಯಂ ಯಾವುದನ್ನು ತೋರಿಸಿದರೂ "ಆಯ್ತು, ನೋಡಿದೆ" ಎಂದು ಮುಗಿಸಿಬಿಡುವ ಮಾವ, ನಿಂತ ಬಸ್ಸು ಕಂಡರೆ ಮಾತ್ರ ಒಂದು ಸುತ್ತು ಹಾಕಿ ಟಯರು ನೋಡದೆ ಬರುವವರಲ್ಲ. ಕೊರ್ಫುವಿಗೆ ಹೋದ ಮರುದಿನ ಇವರು ಮಗನನ್ನು ಕರೆದುಕೊಂಡು ಸಮುದ್ರಕ್ಕೆ ಇಳಿದರು. ನಾನು, ಅತ್ತೆ, ಮಾವ ಮೂವರೂ ಹಳೆ ಕೋಟೆಯ ಎದುರಿಗೆ ಬಸ್ಸಿಗೆ ಕಾದೆವು.

ಟಿಕೆಟಿನ ರೇಟು ಕೇಳಿ ಮಾವ ಲೆಕ್ಕ ಹಾಕಿದರು. "ಒಬ್ಬನ ದುಡ್ಡಲ್ಲಿ ಸುಳ್ಯದಿಂದ ಬೆಂಗಳೂರಿಗೆ ಹೋಗಿ ಬರ್ಬಹುದು." ದಿನವಿಡೀ ಎಲ್ಲಿ ಬೇಕಾದರೂ ಇಳಿದು ಮತ್ತೆ ಹತ್ತಬಹುದು ಎಂದು ವಿವರಿಸಿದೆ. "ಕಂಡಕ್ಟರ್ ಇಲ್ಲದೆ ಲೆಕ್ಕ ಇಡುವುದು ಯಾರು ಹಾಗಾದ್ರೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಡ್ರೈವರ್ ಸೀಟಿನ ಕಡೆ ಬಗ್ಗಿ ನೋಡಿದರು. ಗೇರಿನ ಕೋಲು ಕಾಣಲಿಲ್ಲ. ಆಟೋಮ್ಯಾಟಿಕ್. ಅವರಿಗೆ ಅದು ಸ್ವಲ್ಪ ಬೇಸರವೇ ಆದ ಹಾಗಿತ್ತು.

ಮಂಡಿನೋವಿಗೆಂದು ಹತ್ತಿದ ಬಸ್ಸಿನಲ್ಲಿ ಅತ್ತೆ ಕೆಳಗೆ ಕೂರಲು ಒಪ್ಪಲೇ ಇಲ್ಲ. "ಎಲ್ಲರೂ ಮೇಲೆ ಹೋಗುವಾಗ ನಾನೊಬ್ಬಳು ಕೆಳಗೆ ಎಂತ ಮಾಡ್ಲಿ?" ಎಂದು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ಮಾಡಿಲ್ಲದ ಮೇಲಂತಸ್ತಿನಲ್ಲಿ ಎದುರಿನ ಸೀಟೇ ಹಿಡಿದರು. ಸೆರಗನ್ನು ತಲೆಗೆ ಸುತ್ತಿಕೊಂಡು ಕೂತ ಮೇಲೆ ಮಂಡಿಯ ಸುದ್ದಿ ಬರಲಿಲ್ಲ.

ಸೀಟಿನ ಪಕ್ಕದ ತೂತಿಗೆ ಇಯರ್‌ಫೋನ್ ಸಿಕ್ಕಿಸಿ ಭಾಷೆಯ ನಂಬರು ಒತ್ತಬೇಕು. ನನ್ನ ಸೀಟಿನದ್ದು ಒಂದೇ ಕಿವಿಗೆ ಕೇಳುತ್ತಿತ್ತು. ಮಾತಿನ ನಡುವೆ ಬಿಡುವಾದಾಗಲೆಲ್ಲ ತಂತಿವಾದ್ಯದ ಅದೇ ರಾಗ. ಎರಡನೇ ಸ್ಟಾಪಿಗೆ ಮಾವ ಅದನ್ನು ಕಿತ್ತು ಕೈಗೆ ಕೊಟ್ಟರು. "ಒಂದೇ ಪದ್ಯ ಹಾಕ್ತಾ ಇದ್ದಾನೆ. ನೀನೇ ಕೇಳಿ ಹೇಳು." ಅಲ್ಲಿಂದ ಮುಂದೆ ಇಂಗ್ಲಿಷಿನಲ್ಲಿ ಬಂದದ್ದನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದೆ, ಗಾಳಿಗೆ ಅರ್ಧ ಹಾರಿಹೋಗುತ್ತಿತ್ತು.

ಹೇಳಲು ಇದ್ದದ್ದಾದರೂ ಏನು? ಆಳಿದವರ ಪಟ್ಟಿ. 1386ರಿಂದ 1797ರವರೆಗೆ ವೆನಿಸ್. ಕೋಟೆ ಅವರದ್ದು, ಕೋಟೆಯನ್ನು ಊರಿನಿಂದ ಬೇರೆ ಮಾಡಿದ, ಈಗ ಸಣ್ಣ ದೋಣಿಗಳು ನಿಲ್ಲುವ ಕಂದಕವೂ ಅವರದ್ದೇ. ಕೋಟೆಯ ಎದುರಿನ ಸ್ಪಿಯಾನಾದಾ ಮೈದಾನ ಇಷ್ಟು ವಿಶಾಲವಾಗಿರುವುದು ಜನ ಗಾಳಿಗೆ ಬಂದು ಕೂರಲಿ ಎಂದಲ್ಲ. ಶತ್ರು ಬಂದರೆ ಗುಂಡಿಗೆ ಅಡ್ಡ ಬರಬಾರದೆಂದು ಅಲ್ಲಿದ್ದ ಮನೆಗಳನ್ನು ಕೆಡವಿಸಿದ್ದರು. ಜನ ಗೋಡೆಯೊಳಗೇ ಒತ್ತೊತ್ತಾಗಿ, ಅಂತಸ್ತಿನ ಮೇಲೆ ಅಂತಸ್ತು ಏರಿಸಿಕೊಂಡು ಬದುಕಿದರು. ಬಸ್ಸು ನುಗ್ಗಲಾಗದ ಗಲ್ಲಿಗಳು ಹುಟ್ಟಿದ್ದೂ ಹೀಗೆಯೇ. 1716ರಲ್ಲಿ ತುರ್ಕರು ಮುತ್ತಿಗೆ ಹಾಕಿ ಸೋತು ಹೋದರು. ಆಗ ಕೋಟೆ ಕಾಯ್ದ ಶುಲೆನ್‌ಬುರ್ಗ್ ಎಂಬ ಜರ್ಮನ್ ಸೇನಾಪತಿಯ ಪ್ರತಿಮೆ ಕೋಟೆ ಬಾಗಿಲ ಹತ್ತಿರ ಇದೆ. ಆಮೇಲೆ ಫ್ರೆಂಚರು, ಮೈದಾನದ ಅಂಚಿಗೆ ಕಮಾನುಗಳ ಸಾಲು, ಲಿಸ್ಟನ್, 1807ರಲ್ಲಿ ಅವರು ಶುರುಮಾಡಿದ್ದು. 1815ರಿಂದ 1864ರವರೆಗೆ ಇಂಗ್ಲಿಷರು. 1823ರಿಂದ ಇದೇ ಮೈದಾನದಲ್ಲಿ ಕ್ರಿಕೆಟ್ಟು ನಡೆದುಕೊಂಡು ಬಂದಿದೆ ಎಂದಾಗ ಮಾತ್ರ ಮಾವ ಹಿಂತಿರುಗಿ ನೋಡಿದರು. ಕ್ರಿಕೆಟ್ಟಿನ ಜಾಗದ ಪಕ್ಕದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. "ಗ್ಲಾಸ್ ಒಡೆದ್ರೆ ಯಾರು ಕೊಡುವುದು?"

ಬಸ್ಸು ಗರಿತ್ಸಾ ಕೊಲ್ಲಿಯ ದಂಡೆಗುಂಟ ಹೋಯಿತು. ಎಡಕ್ಕೆ ನೀಲಿ ನೀರು, ಬಲಕ್ಕೆ ಮರಗಳು. ಕ್ರಿಸ್ತಪೂರ್ವ 6ನೇ ಶತಮಾನದ ಆರ್ಟೆಮಿಸ್ ದೇವಿಯ ದೇಗುಲದ ಕಲ್ಲಿನ ಗೋರ್ಗೋನ್, ಅಂದರೆ ಹಾವುಗೂದಲಿನ ರಾಕ್ಷಸಿ, ಇರುವ ಮ್ಯೂಸಿಯಂ ಇದರ ಹತ್ತಿರವೇ ಇದೆ. ನಾವು ಇಳಿಯಲಿಲ್ಲ. ಮುಂದೆ ಮರಗಳ ನಡುವೆ ಮೋನ್ ರೆಪೋ. ಬ್ರಿಟನ್ನಿನ ರಾಣಿ ಎಲಿಜಬೆತ್‌ರ ಗಂಡ ಫಿಲಿಪ್ 1921ರ ಜೂನ್ 10ರಂದು ಹುಟ್ಟಿದ ಮನೆ. ಇಯರ್‌ಫೋನ್ ಆ ಹೆಸರು ಹೇಳಿದ್ದೇ ತಡ, ಬಸ್ಸಿನಲ್ಲಿದ್ದವರೆಲ್ಲ ಫೋನು ಎತ್ತಿದರು. ಕಂಡದ್ದು ಗೇಟು ಮಾತ್ರ.

ಆ ಮನೆ ಕಟ್ಟಿಸಿದವನ ಹೆಸರು ಮಾತಿನ ನಡುವೆ ಬಂದು ಹೋಯಿತು: ಸರ್ ಫ್ರೆಡರಿಕ್ ಆಡಂ. ಇಂಗ್ಲಿಷರ ಕಾಲದಲ್ಲಿ ಈ ದ್ವೀಪಗಳ ಹೈ ಕಮಿಷನರ್. ಕೊರ್ಫುವಿನ ಹೆಂಡತಿಗಾಗಿ ಕಟ್ಟಿಸಿದ್ದಂತೆ. ವಾಟರ್ಲೂ ಯುದ್ಧದಲ್ಲಿ ಬ್ರಿಗೇಡ್ ನಡೆಸಿದವನು. ಬಸ್ಸು ಮುಂದೆ ಹೋಗುವಾಗ ಹಾಗೇ ಫೋನಿನಲ್ಲಿ ಹುಡುಕಿದೆ. ಇಲ್ಲಿಂದ ಹೋಗಿ 1832ರಿಂದ 1837ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ ಎಂದಿತ್ತು.

"ಎಷ್ಟು ಅಂದಿ? 37ರವರೆಗಾ?" ಮಾವ ನನ್ನ ಕಡೆ ತಿರುಗಿದರು. ಅಮರ ಸುಳ್ಯದ ದಂಗೆಯ ಇಸವಿಯನ್ನು ನಮ್ಮ ಕಡೆಯವರಿಗೆ ಪುಸ್ತಕ ನೋಡಿ ಹೇಳಬೇಕಾಗಿಲ್ಲ. 1834ರಲ್ಲಿ ಕೊಡಗಿನ ಅರಸು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪೆನಿಯವರು ರಾಜ್ಯ ತೆಗೆದುಕೊಂಡರು. ಅದರಲ್ಲಿದ್ದ ಸುಳ್ಯ, ಪುತ್ತೂರು ಸೀಮೆಯನ್ನು ಬೇರ್ಪಡಿಸಿ ಕನ್ನಡ ಜಿಲ್ಲೆಗೆ, ಅಂದರೆ ಮದ್ರಾಸಿಗೆ ಸೇರಿಸಿದರು. ಅಲ್ಲಿಯವರೆಗೆ ಬೆಳೆದದ್ದರಲ್ಲೇ ಕಂದಾಯ ಕೊಡುತ್ತಿದ್ದ ರೈತರು ಇನ್ನು ನಗದೇ ಕೊಡಬೇಕು ಎಂದಾಯಿತು. 1837ರಲ್ಲಿ ಜನ ಎದ್ದು ಮಂಗಳೂರಿನವರೆಗೂ ಹೋಗಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ್ದು ಆಗಲೇ. ಕೊಡಗನ್ನು ತೆಗೆದುಕೊಳ್ಳುವ ತೀರ್ಮಾನ ಗವರ್ನರ್ ಜನರಲ್ ಬೆಂಟಿಂಕನದು, ಅದನ್ನು ಆಡಂನ ತಲೆಗೆ ಕಟ್ಟಲಾಗದು. ಆದರೆ ನಮ್ಮ ಸೀಮೆ ಯಾವ ಸರ್ಕಾರಕ್ಕೆ ನಗದು ಕಟ್ಟಬೇಕಾಯಿತೋ ಆ ಸರ್ಕಾರದ ಮೇಲೆ ಕೂತಿದ್ದವನು ಇವನೇ.

"ದಂಗೆ ಏಪ್ರಿಲಿನಲ್ಲಿ. ಇವ ಯಾವಾಗ ಬಿಟ್ಟದ್ದು?" 

ಮಾರ್ಚಿನಲ್ಲಿ ಎಂದೆ.

"ನೋಡು, ಡ್ಯೂಟಿ ಮುಗಿಸಿ ಇಳಿದುಬಿಟ್ಟಿದ್ದಾನೆ. ಬ್ರೇಕ್ ಹಿಡಿಯದ ಬಸ್ಸು ಮುಂದಿನ ಟ್ರಿಪ್ಪಿನವನಿಗೆ."

ಕನೋನಿಯಲ್ಲಿ ಎಲ್ಲರೂ ಇಳಿದರು, ನಾವೂ ಇಳಿದೆವು. ಈ ಬಸ್ಸಿನಲ್ಲಿ ಇಳಿಯಲೇಬೇಕಾದ ಸ್ಟಾಪು ಇದ್ದರೆ ಇದೊಂದೇ ಎಂದು ನನ್ನ ಅಭಿಪ್ರಾಯ. ಫ್ರೆಂಚರು ಇಟ್ಟ ಫಿರಂಗಿಯಿಂದ ಜಾಗಕ್ಕೆ ಈ ಹೆಸರು. ಎತ್ತರದ ಕಟ್ಟೆಯಿಂದ ಕೆಳಗೆ ನೋಡಿದರೆ ನೀರಿನ ನಡುವೆ ಬಿಳಿ ವ್ಲಾಹೆರ್ನಾ ಮಠ, ದಡದಿಂದ ಅದಕ್ಕೆ ಕಲ್ಲುಕಟ್ಟಿನ ಸಪೂರ ದಾರಿ. ಅದರಾಚೆ ಮರಗಳೇ ತುಂಬಿದ ಪೊಂಡಿಕೊನಿಸಿ, ಅಂದರೆ ಇಲಿದ್ವೀಪ. ಗ್ರೀಕ್ ಪುರಾಣದ ವೀರ ಒಡಿಸ್ಸಿಯಸ್‌ನನ್ನು ಊರಿಗೆ ಮುಟ್ಟಿಸಿ ಬಂದ ಹಡಗನ್ನು ಸಮುದ್ರದೇವರು ಸಿಟ್ಟಿನಲ್ಲಿ ಕಲ್ಲು ಮಾಡಿದ, ಅದೇ ಇದು ಎಂದು ಇಲ್ಲಿಯ ಜನ ಹೇಳುತ್ತಾರೆ. ಅತ್ತೆಗೆ ಈ ಕಥೆ ಹಿಡಿಸಲಿಲ್ಲ. "ಬಿಟ್ಟು ಬಂದವರದ್ದು ಎಂತ ತಪ್ಪು?"

ಕೆಳಗೆ ಇಳಿಯಲು ಮೆಟ್ಟಿಲುಗಳು ಬಹಳ. ಹಾಗಾಗಿ ಮೇಲಿನ ಹೋಟೆಲಿನಲ್ಲೇ ಕೂತೆವು. ಕುಡಿಯಲು ತ್ಸಿತ್ಸಿಬಿರಾ ಹೇಳಿದೆ, ಇಂಗ್ಲಿಷರು ಬಿಟ್ಟು ಹೋದ ಶುಂಠಿ-ನಿಂಬೆಯ ಸೋಡಾ. ಅತ್ತೆ ಒಂದು ಗುಟುಕು ಕುಡಿದು, ಶುಂಠಿ ಸಾಲದು ಎಂದರು. ಅಷ್ಟರಲ್ಲಿ ಎಡಗಡೆಯಿಂದ ಒಂದು ವಿಮಾನ ಬಂತು. ಇಲ್ಲಿಯ ರನ್‌ವೇ ಹಿನ್ನೀರಿನ ನಡುವೆ ಚಾಚಿಕೊಂಡಿದೆ, ಅದರ ತುದಿ ಕನೋನಿಯ ಬುಡದಲ್ಲೇ. ವಿಮಾನ ನಾವು ಕೂತ ಮಟ್ಟಕ್ಕೆ ಬಂದು, ಇನ್ನೂ ತಗ್ಗಿ, ಚಕ್ರದಿಂದ ಹೊಗೆ ಎದ್ದು, ನೆಲ ಮುಟ್ಟುವುದನ್ನು ನಾವು ಮೇಲಿನಿಂದ ನೋಡಿದೆವು. ಗ್ಲಾಸುಗಳು ಅದುರಿದವು. ಕೆಳಗೆ ನೀರಿನ ಅಡ್ಡಕ್ಕೆ ಇರುವ ಸಪೂರ ದಾರಿಯಲ್ಲಿ ಸ್ಕೂಟರಿನವನೊಬ್ಬ ತಲೆ ತಗ್ಗಿಸಿದ್ದು ಸ್ಪಷ್ಟ ಕಾಣಿಸಿತು. ಮಾವ ಕುರ್ಚಿ ತಿರುಗಿಸಿ ರನ್‌ವೇ ಕಡೆ ಮುಖ ಮಾಡಿ ಕೂತರು. ಪ್ರತಿ ವಿಮಾನಕ್ಕೂ ತೀರ್ಪು: "ಇವ ಒಳ್ಳೆ ಇಳಿಸಿದ." "ಇವ ಸ್ವಲ್ಪ ಮುಂದೆ ಹಾಕಿದ." ಮಂಗಳೂರಿನ ಗುಡ್ಡದ ಮೇಲಿನ ಬಜ್ಪೆ ರನ್‌ವೇ ಕಂಡವರಿಗೆ ಉದ್ದಳತೆಯ ಚಿಂತೆ ತನ್ನಿಂದ ತಾನೇ ಬರುತ್ತದೆ.

ವಾಪಸ್ ಹೋಗುವ ಕೆಂಪು ಬಸ್ಸು ಬಂದಾಗ ಮೇಲೂ ಕೆಳಗೂ ಸೀಟಿರಲಿಲ್ಲ. ಬಂದರಿಗೆ ದೊಡ್ಡ ಪ್ರವಾಸಿ ಹಡಗು ಬಂದ ದಿನ ಇದು ಮಾಮೂಲಂತೆ. ಟಿಕೆಟ್ ಕೊಡುವಾಗ ಯಾರೂ ಹೇಳುವುದಿಲ್ಲ. ಬಿಸಿಲಿಗೆ ಮುಂದಿನದಕ್ಕೆ ಕಾಯುವಾಗ ಊರಿನ ನೀಲಿ ಸಿಟಿ ಬಸ್ಸು, 2ಎ ನಂಬರಿನದು, ಬಂದು ನಿಂತಿತು. ಮಾವ ನನ್ನನ್ನು ಕೇಳಲೂ ಇಲ್ಲ, ಅತ್ತೆಯ ಕೈ ಹಿಡಿದು ಹತ್ತಿಸಿಯೇಬಿಟ್ಟರು. ಡ್ರೈವರ ಹತ್ತಿರ ಟಿಕೆಟ್ ತೆಗೆದರೆ ಸ್ವಲ್ಪ ಜಾಸ್ತಿ, ಮೊದಲೇ ತೆಗೆದಿದ್ದರೆ ಕಡಿಮೆ. ಆದರೂ ಕೆಂಪು ಬಸ್ಸಿನ ಮುಂದೆ ಅದು ಏನೂ ಅಲ್ಲ. ಒಳಗೆ ತರಕಾರಿ ಚೀಲದ ಅಜ್ಜಿ, ಕೆಲಸ ಮುಗಿಸಿ ಹೊರಟ ಹೋಟೆಲಿನ ಹುಡುಗಿಯರು, ಡ್ರೈವರ ಎದುರು ತೂಗುವ ಸಂತ ಸ್ಪಿರಿಡಾನನ ಚಿತ್ರ. ಅಜ್ಜಿ ಅತ್ತೆಯ ಸೀರೆಯ ಅಂಚು ಮುಟ್ಟಿ ಗ್ರೀಕಿನಲ್ಲಿ ಏನೋ ಕೇಳಿದರು. ಅತ್ತೆ ಕನ್ನಡದಲ್ಲಿ "ಮೈಸೂರ್ ಸಿಲ್ಕ್" ಎಂದರು. ಇಬ್ಬರಿಗೂ ಸಮಾಧಾನವಾಯಿತು.

ಆ ಸಂತನನ್ನೇ ನೋಡಲು ಅತ್ತೆ ಹಳೆ ಪೇಟೆಯೊಳಗೆ ನಡೆದರು, ನಿಧಾನಕ್ಕೆ, ಸಿಕ್ಕಿದ ಕಟ್ಟೆಯ ಮೇಲೆಲ್ಲ ಕೂತು. 16ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಚರ್ಚು. ಸ್ಪಿರಿಡಾನನ ದೇಹ ಬೆಳ್ಳಿಯ ಪೆಟ್ಟಿಗೆಯಲ್ಲಿದೆ. ವರ್ಷಕ್ಕೆ ನಾಲ್ಕು ಸಲ ಮೆರವಣಿಗೆ ಹೊರಡುತ್ತದೆ. ಅದರಲ್ಲೊಂದು ತುರ್ಕರು ಓಡಿಹೋದ ನೆನಪಿಗೆ, ಆಗಸ್ಟ್ 11ಕ್ಕೆ. ರಾತ್ರಿ ಸಂತ ಎದ್ದು ದ್ವೀಪವೆಲ್ಲ ತಿರುಗಿ ಕಷ್ಟದಲ್ಲಿದ್ದವರನ್ನು ನೋಡಿಕೊಂಡು ಬರುತ್ತಾನೆ, ಅದಕ್ಕೇ ಅವನ ಪಾದರಕ್ಷೆ ಸವೆಯುತ್ತದೆ, ಹೊಸದು ತೊಡಿಸುತ್ತಾರೆ ಎಂದು ನಂಬಿಕೆ. ಇದಕ್ಕೆ ಅತ್ತೆಯ ಪ್ರಶ್ನೆ ಇರಲಿಲ್ಲ. ರಾತ್ರಿ ಗಡಿ ಕಾಯಲು ಹೊರಡುವ ಭೂತಗಳ ಊರಿನವರು. ಮೇಣದ ಬತ್ತಿ ಹಚ್ಚಿ ಕೈ ಮುಗಿದರು.

ಆಡಂನ ಪ್ರತಿಮೆ ಮೈದಾನದ ಉತ್ತರ ತುದಿಯಲ್ಲಿ, ಇಂಗ್ಲಿಷ್ ಕಮಿಷನರುಗಳ ಅರಮನೆಯ ಎದುರಿಗಿದೆ. (ಅರಮನೆಯಲ್ಲಿ ಈಗ ಏಷ್ಯಾದ ಕಲೆಯ ಮ್ಯೂಸಿಯಂ.) ಕಂಚಿನ ಮನುಷ್ಯ, ಕಾಲಬುಡದಲ್ಲಿ ನೀರಿನ ಕೊಳ. ಬೆನಿಟ್ಸೆಸ್ ಎಂಬ ಊರಿನ ಒರತೆಯಿಂದ ಪಟ್ಟಣಕ್ಕೆ ಕುಡಿಯುವ ನೀರು ತಂದವನು ಇವನೇ, ಅದಕ್ಕೇ ಕೊಳ. ಬಂದವರೆಲ್ಲ ಅವನ ಬೆನ್ನ ಹಿಂದಿನ ಅರಮನೆಯ ಫೋಟೋ ತೆಗೆಯುತ್ತಿದ್ದರು. ಮಾವ ಬಸ್ಸಿಗೆ ಮಾಡುವ ಹಾಗೆಯೇ ಪ್ರತಿಮೆಗೂ ಒಂದು ಸುತ್ತು ಹಾಕಿ, ನೀರಿಗೆ ಕೈ ಅದ್ದಿ, "ಇವರಿಗೆ ನೀರು ಕೊಟ್ಟ. ನಮ್ಮತ್ರ ರೊಕ್ಕ ಕೇಳಿದ" ಎಂದರು. ಬಾವುಟಗುಡ್ಡೆಯಲ್ಲಿ 2022ರಲ್ಲಿ ನಿಲ್ಲಿಸಿದ, ದಂಗೆಯ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇದಕ್ಕಿಂತ ಎತ್ತರವೋ ಗಿಡ್ಡವೋ ಎಂದು ಗಂಡ ಹೆಂಡತಿಗೆ ಅಲ್ಲೇ ಚರ್ಚೆ ಶುರುವಾಯಿತು. ಅತ್ತೆಯ ಪ್ರಕಾರ ನಮ್ಮದೇ ಎತ್ತರ. ಅವರನ್ನು ಬಿಟ್ಟು ನಾನು ಕುಮ್‌ಕ್ವಾಟ್ ಕೊಳ್ಳಲು ಹೋದೆ. ಸಿಪ್ಪೆ ಸಮೇತ ತಿನ್ನುವ ಪುಟ್ಟ ಕಿತ್ತಳೆ. ಇಲ್ಲಿ ಅದರ ಸಕ್ಕರೆ ಪಾಕ, ಮದ್ಯ, ಸಾಬೂನು ಎಲ್ಲವೂ ಸಿಗುತ್ತದೆ.

ಸಂಜೆ ರೂಮಿಗೆ ಹೋಗುವ ಎಂದರೆ ಮಾವ ಕೆಂಪು ಬಸ್ಸಿನ ಟಿಕೆಟ್ ಹೊರಗೆ ತೆಗೆದರು. "ಇದಕ್ಕೆ ಇನ್ನೂ ಟೈಮ್ ಉಂಟಲ್ಲ? ಪೂರ್ತಿ ದುಡ್ಡು ಕೊಟ್ಟದ್ದು." ಒಬ್ಬರೇ ಹೋದರು. ನಾವಿಬ್ಬರೂ ಲಿಸ್ಟನ್‌ನ ಕಮಾನಿನಡಿ ಕಾಫಿ ಕುಡಿಯುತ್ತ ಕೂತೆವು. ಮೇಲೆ ಯಾರೂ ಇಲ್ಲದ ಕೊನೇ ಟ್ರಿಪ್ಪಿನ ಬಸ್ಸು ಬಂದು ನಿಂತಾಗ ಮಾವ ಕೆಳಗಿನ ಸೀಟಿನಲ್ಲಿ, ಡ್ರೈವರ ಬೆನ್ನಿಗೇ ಕೂತಿದ್ದರು. ಡ್ರೈವರು ಅಲ್ಬೇನಿಯಾದವನು, ಇಬ್ಬರು ಮಕ್ಕಳು, ಬೇಸಿಗೆಯಲ್ಲಿ ವಾರದ ರಜೆಯೂ ಸರಿಯಾಗಿ ಇಲ್ಲ, ಚಳಿಗಾಲದಲ್ಲಿ ಕೆಲಸವೇ ಇಲ್ಲ ಎಂಬ ಸುದ್ದಿಯೆಲ್ಲ ತಂದಿದ್ದರು. ಇಬ್ಬರಿಗೂ ಇದ್ದ ಇಂಗ್ಲಿಷು ಸೇರಿಸಿದರೂ ಹತ್ತು ಪದ ದಾಟದು.

"ನಾಳೆ ಆ ರಾಣಿಯ ಅರಮನೆಗೆ ಹೋಗುವುದಲ್ವಾ, ಇದರಲ್ಲಿ ಬೇಡ" ಎಂದರು. ಆಸ್ಟ್ರಿಯಾದ ಎಲಿಜಬೆತ್ ಕಟ್ಟಿಸಿದ ಅಖಿಲಿಯೋನ್ ಅರಮನೆಯ ಮಾತು. "ಸಾನ್ ರೊಕ್ಕೊ ಚೌಕದಿಂದ 10ನೇ ನಂಬರ್ ನೀಲಿ ಬಸ್ಸು. ಟಿಕೆಟ್ ಹತ್ತುವ ಮೊದಲೇ ತೆಗೀಬೇಕಂತೆ, ಅವನೇ ಹೇಳಿದ."