ಎಕ್ಸ್‌ಟೆನ್ಷನ್ ಬೋರ್ಡಿಗೆ ಹೀಟರ್ ಸಿಕ್ಕಿಸಿದ್ದ ಆ ಸಂಜೆ

ಚಳಿ ಜೋರಾಗಿದ್ದ ದಿನಗಳವು. ಮಂಡಿನೋವಿನಿಂದ ಹಾಸಿಗೆ ಹಿಡಿದಿದ್ದ ಚಿಕ್ಕಮ್ಮನನ್ನು ನೋಡಿಕೊಳ್ಳಲು ಅವರ ಮನೆಗೆ ಹೋಗಿದ್ದೆ. ಅವರ ಕೋಣೆಯಲ್ಲಿದ್ದ 2000 ವ್ಯಾಟ್‌ನ ರೂಮ್ ಹೀಟರಿನ ವೈರು ಗೋಡೆಯ ಸಾಕೆಟ್ಟಿನವರೆಗೆ ಎಟುಕುತ್ತಿರಲಿಲ್ಲವಾದ್ದರಿಂದ, ನಡುವೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಸೇರಿಕೊಂಡಿತ್ತು. ಕತ್ತಲಾಗುವ ಹೊತ್ತಿಗೆ ಚಿಕ್ಕಮ್ಮ ಮಲಗಿದ್ದಲ್ಲಿಂದಲೇ, "ಏನೋ ಮೀನಿನ ವಾಸನೆ ಬರ್ತಾ ಇದೆಯಲ್ಲ, ನಿನಗೂ ಬರ್ತಿದೆಯಾ?" ಎಂದು ಕೇಳಿದರು. ಪ್ಲಗ್ಗು, ಸಾಕೆಟ್ಟುಗಳಿಗೆ ಬಳಸುವ ಕೆಲವು ಬಗೆಯ ಪ್ಲಾಸ್ಟಿಕ್ಕು ಅತಿಯಾಗಿ ಕಾದಾಗ ಹೊಗೆ ಕಾಣಿಸುವುದಕ್ಕೆ ಮೊದಲೇ ಇಂಥ ವಾಸನೆ ಹೊರಡುತ್ತದೆ ಎಂಬುದು ನನಗೆ ತಿಳಿದಿತ್ತು. ತಕ್ಷಣ ಗೋಡೆಯ ಸ್ವಿಚ್ಚನ್ನು ಆರಿಸಿದೆ. ಸ್ವಲ್ಪ ತಡೆದು ಹೀಟರಿನ ಪ್ಲಗ್ಗನ್ನು ಹೊರಗೆಳೆದರೆ, ಅದು ಆಗಲೂ ಬೆರಳಲ್ಲಿ ಹಿಡಿಯಲಾರದಷ್ಟು ಕಾದಿತ್ತು. ಬೋರ್ಡಿನ ಒಂದು ತೂತಿನ ಅಂಚು ಕಂದುಬಣ್ಣಕ್ಕೆ ತಿರುಗಿ ಸ್ವಲ್ಪ ಉಬ್ಬಿಕೊಂಡಿತ್ತು. ಅದೇ ಬೋರ್ಡಿನ ಉಳಿದ ತೂತುಗಳು ಹೊಸದರಂತೆಯೇ ಬೆಳ್ಳಗಿದ್ದವು.

ಮರುದಿನ ಬಂದ ಎಲೆಕ್ಟ್ರಿಷಿಯನ್ ಬೋರ್ಡಿನ ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದರು. ಪ್ಲಗ್ಗಿನ ಪಿನ್ನನ್ನು ಎರಡೂ ಕಡೆಯಿಂದ ಬಿಗಿಯಾಗಿ ಕಚ್ಚಿ ಹಿಡಿಯಬೇಕಾದ ಹಿತ್ತಾಳೆಯ ಪಟ್ಟಿ ಸಡಿಲವಾಗಿ ಬಾಯಿ ಬಿಟ್ಟುಕೊಂಡಿತ್ತು, ಅದರ ಹೊಳಪು ಹೋಗಿ ಕಪ್ಪಿಟ್ಟಿತ್ತು. ಸ್ಕ್ರೂವಿನ ಅಡಿಯಲ್ಲಿ ತಾಮ್ರದ ಎಳೆಗಳಲ್ಲಿ ಕೆಲವು ತುಂಡಾಗಿದ್ದವು, ಅಲ್ಲಿಂದ ಒಂದಿಂಚಿನಷ್ಟು ದೂರದವರೆಗೆ ವೈರಿನ ಹೊದಿಕೆ ಗಟ್ಟಿಯಾಗಿ, ಮುಟ್ಟಿದರೆ ಪುಡಿಯಾಗುವಂತಿತ್ತು. "ವೈರು ತೆಳುವಾಗಿದೆ, ಅದು ನಿಜ. ಆದರೆ ಸುಟ್ಟಿರೋದು ಲೂಸ್ ಕಾಂಟ್ಯಾಕ್ಟ್‌ನಿಂದ" ಎಂದರು ಅವರು.

ನನ್ನನ್ನು ಹೆಚ್ಚು ಕಾಡಿದ್ದು, ಕರೆಂಟು ಮಿತಿ ಮೀರಿದಾಗ ತಾನಾಗಿಯೇ ಆರಿಹೋಗುವ ಸ್ವಿಚ್ಚಾದ ಎಂಸಿಬಿ ಏಕೆ ಟ್ರಿಪ್ ಆಗಲಿಲ್ಲ ಎಂಬ ಪ್ರಶ್ನೆ. ಲೆಕ್ಕ ಹಾಕಿ ನೋಡಿದಾಗ ಉತ್ತರ ಸರಳವಾಗಿಯೇ ಇತ್ತು, ಅಷ್ಟೇ ಭಯ ಹುಟ್ಟಿಸುವಂತೆಯೂ ಇತ್ತು. 230 ವೋಲ್ಟಿನಲ್ಲಿ 2000 ವ್ಯಾಟ್‌ನ ಹೀಟರು ಎಳೆಯುವುದು ಸುಮಾರು 8.7 ಆಂಪಿಯರ್, 16 ಆಂಪಿಯರಿನ ಎಂಸಿಬಿಯ ಪಾಲಿಗೆ ಅದು ಮಾಮೂಲಿ ಲೋಡು. ಎಂಸಿಬಿ ಗಮನಿಸುವುದು ಎಷ್ಟು ಕರೆಂಟು ಹರಿಯುತ್ತಿದೆ ಎಂಬುದನ್ನೇ ಹೊರತು, ಹರಿಯುವ ದಾರಿಯಲ್ಲಿ ಎಲ್ಲಿ ಬಿಸಿಯಾಗುತ್ತಿದೆ ಎಂಬುದನ್ನಲ್ಲ. ಸೋರಿಕೆಯಾದಾಗ ಮನೆಯ ಕರೆಂಟು ಕಡಿದುಹಾಕುವ ಆರ್‌ಸಿಸಿಬಿಗೂ ಇದು ತಿಳಿಯದು, ಏಕೆಂದರೆ ಇಲ್ಲಿ ಸೋರಿಕೆಯೇ ಇಲ್ಲ. ಹುಟ್ಟುವ ಬಿಸಿಯಾದರೋ ಕರೆಂಟಿನ ವರ್ಗವನ್ನು ಪ್ರತಿರೋಧದಿಂದ ಗುಣಿಸಿದಷ್ಟು. ಆ ಸಡಿಲ ಪಟ್ಟಿಯಲ್ಲಿ ಅರ್ಧ ಓಮ್ ಪ್ರತಿರೋಧ ಇದ್ದಿತೆಂದುಕೊಂಡರೂ, ಕಡಲೆಕಾಳಿನಷ್ಟು ಜಾಗದಲ್ಲಿ 38 ವ್ಯಾಟ್ ಶಾಖ ಏಳುತ್ತದೆ. ಬೆಸುಗೆ ಹಾಕಲು ಬಳಸುವ ಸಾಲ್ಡರಿಂಗ್ ಐರನ್ನಿಗೆ 25 ವ್ಯಾಟ್ ಸಾಕಾಗುತ್ತದೆ! ಶಾಖ ಹೆಚ್ಚಿದಂತೆ ಲೋಹದ ಮೇಲೆ ಆಕ್ಸೈಡಿನ ಪದರ ಬೆಳೆಯುತ್ತದೆ, ಪಟ್ಟಿಯ ಬಿಗಿ ಇನ್ನಷ್ಟು ಸಡಿಲವಾಗುತ್ತದೆ, ಪ್ರತಿರೋಧ ಏರುತ್ತದೆ, ಅದರಿಂದ ಮತ್ತೆ ಶಾಖ ಏರುತ್ತದೆ.

ಇದೇ ಬೋರ್ಡಿನಲ್ಲಿ ನೀರು ಕಾಯಿಸುವ ಕೆಟಲ್ ಎಷ್ಟೋ ಸಲ ಕೆಲಸ ಮಾಡಿತ್ತು ಎಂದು ಚಿಕ್ಕಮ್ಮ ನೆನಪಿಸಿಕೊಂಡರು. ಅದೂ ಹೆಚ್ಚು ಕಡಿಮೆ ಇಷ್ಟೇ ಕರೆಂಟು ಎಳೆಯುವ ಸಾಮಾನು. ಆದರೆ ಕೆಟಲ್ ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ, ಕಾದ ಪ್ಲಗ್ಗಿಗೆ ತಣಿಯಲು ಸಮಯ ಸಿಗುತ್ತದೆ. ಹೀಟರು ಗಂಟೆಗಟ್ಟಲೆ ಉರಿಯುತ್ತದೆ, ಅದರಲ್ಲೂ ಮನೆಮಂದಿಯೆಲ್ಲ ನಿದ್ದೆಯಲ್ಲಿರುವಾಗ ಉರಿಯುತ್ತದೆ. ಟಿವಿಗೂ ದೀಪಕ್ಕೂ ಸಾಕಾಗುವ ಬೋರ್ಡು ಹೀಟರಿಗೆ ಸಲ್ಲದು ಎಂದು ನಾನು ಇಷ್ಟು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಇಂಥ ಬೋರ್ಡಿನಲ್ಲಿ ನಾಲ್ಕು ಸಾಕೆಟ್ಟುಗಳಿದ್ದರೂ ಅವೆಲ್ಲಕ್ಕೂ ಸೇರಿ ಇರುವ ಮಿತಿ ಒಂದೇ. ಅದನ್ನು ಬೋರ್ಡಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ, ನಾವು ಅದನ್ನು ತಿರುಗಿಸಿ ನೋಡುವುದೇ ಅಪರೂಪ.

ಇನ್ನು ವೈರಿನ ವಿಷಯ. ಚಿಕ್ಕಮ್ಮನ ಮನೆಯಲ್ಲಿದ್ದದ್ದು 0.75 ಚದರ ಮಿಲಿಮೀಟರ್ ತಾಮ್ರದ ವೈರು. ಅಂಥದ್ದು ಹತ್ತು ಮೀಟರ್ ಉದ್ದವಿದ್ದರೆ, ಹೋಗಿಬರುವ ಎರಡೂ ದಾರಿ ಸೇರಿ ಪ್ರತಿರೋಧ ಅರ್ಧ ಓಮ್‌ನಷ್ಟಾಗುತ್ತದೆ, ಅಂದರೆ ಅಲ್ಲೂ ಸುಮಾರು 40 ವ್ಯಾಟ್ ಶಾಖ. ಉದ್ದಕ್ಕೂ ಹರಡಿ ಗಾಳಿಯಾಡುವಂತೆ ಬಿಟ್ಟಿದ್ದರೆ ಅದು ಮೆಲ್ಲಗೆ ಆರಿಹೋಗುತ್ತದೆ. ಅದೇ ವೈರನ್ನು ಸುರುಳಿ ಸುತ್ತಿ ಇಟ್ಟರೆ, ಇಲ್ಲವೇ ಎಡವಬಾರದೆಂದು ಜಮಖಾನದ ಅಡಿಯಲ್ಲಿ ತೂರಿಸಿದರೆ, ಶಾಖಕ್ಕೆ ಹೊರಹೋಗಲು ದಾರಿಯೇ ಇರುವುದಿಲ್ಲ. ಸಾಮಾನ್ಯ ಪಿವಿಸಿ ಹೊದಿಕೆ ತಾಳಿಕೊಳ್ಳುವುದು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ರಾಟೆಗೆ ಸುತ್ತಿದ ಉದ್ದನೆಯ ವೈರುಗಳ ಮೇಲೆ, ಪೂರ್ತಿ ಬಿಚ್ಚಿದಾಗ ಇಷ್ಟು ವ್ಯಾಟ್, ಸುತ್ತಿದ್ದಾಗ ಇಷ್ಟು ಎಂದು ಎರಡು ಮಿತಿಗಳನ್ನು ಬರೆದಿರುವುದು ಇದಕ್ಕಾಗಿಯೇ. ಎರಡನೆಯದು ಮೊದಲನೆಯದಕ್ಕಿಂತ ಬಹಳ ಕಡಿಮೆ ಇರುತ್ತದೆ.

"ಹಾಗಾದ್ರೆ ಇನ್ನೊಂದು ಒಳ್ಳೇ ಬೋರ್ಡ್ ತಂದರಾಯ್ತಲ್ಲ?" ಎಂದರು ಚಿಕ್ಕಮ್ಮ. ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ, ನನಗೂ ಮನಸ್ಸಾಗಲಿಲ್ಲ. ಬೇರೆ ದಾರಿಯೇ ಇಲ್ಲದ ಕಡೆ, 1.5 ಚದರ ಮಿಲಿಮೀಟರಿನ ಅರ್ತ್ ಸಹಿತ ವೈರು, ಹೀಟರಿನ ಲೋಡಿಗೆ ತಕ್ಕ ಒಂದೇ ಸಾಕೆಟ್ಟು, ಅದರಲ್ಲಿ ಹೀಟರಿನ ಹೊರತು ಮತ್ತೇನೂ ಇಲ್ಲ ಎಂಬ ಕಟ್ಟುನಿಟ್ಟು, ಇಷ್ಟಿದ್ದರೆ ಎಚ್ಚರವಿರುವ ಹೊತ್ತಿನಲ್ಲಿ ಸ್ವಲ್ಪ ಕಾಲ ನಡೆದೀತು. ಆದರೆ ಎದ್ದು ಓಡಲಾಗದವರು ಮಲಗುವ ಕೋಣೆಯಲ್ಲಿ ಇಡೀ ರಾತ್ರಿ ಅದನ್ನು ನೆಚ್ಚಿಕೊಳ್ಳುವುದಕ್ಕೆ ನಾನು ಸಿದ್ಧನಿರಲಿಲ್ಲ. ಆದ್ದರಿಂದ ಎಂಸಿಬಿ ಪೆಟ್ಟಿಗೆಯಿಂದಲೇ 2.5 ಚದರ ಮಿಲಿಮೀಟರಿನ ವೈರನ್ನು ಪ್ರತ್ಯೇಕವಾಗಿ ಎಳೆಸಿ, ಕೋಣೆಯ ಗೋಡೆಯಲ್ಲಿ 16 ಆಂಪಿಯರಿನ ಸಾಕೆಟ್ಟನ್ನು ಹಾಕಿಸಿದೆವು. ಹಾಸಿಗೆ, ಪರದೆಗಳಿಂದ ಒಂದು ಮೀಟರಿಗಿಂತ ಹೆಚ್ಚು ದೂರದಲ್ಲಿ, ಹೀಟರಿನದೇ ವೈರು ಎಟುಕುವ ಜಾಗದಲ್ಲಿ. ಹೀಟರಿನ ಪ್ಲಗ್ಗಿನೊಳಗೂ ಒಂದು ಪಿನ್ನು ಕಪ್ಪಾಗಿದ್ದರಿಂದ ಅದನ್ನೂ ಬದಲಾಯಿಸಿದರು. ಸುಟ್ಟ ಪಿನ್ನನ್ನು ಹೊಸ ಸಾಕೆಟ್ಟಿಗೆ ಸಿಕ್ಕಿಸಿದರೆ ಆ ಸಾಕೆಟ್ಟೂ ಬೇಗನೆ ಹಾಳಾಗುತ್ತದೆಯಂತೆ. ಕೆಲಸ ಮುಗಿದ ಮೇಲೆ ಹೀಟರನ್ನು ಅರ್ಧ ಗಂಟೆ ಪೂರ್ತಿ ಲೋಡಿನಲ್ಲಿ ಓಡಿಸಿ, ಸ್ವಿಚ್ ಆರಿಸಿ, ಪ್ಲಗ್ಗನ್ನು ಮುಟ್ಟಿ ನೋಡಿದೆವು, ಉಗುರುಬೆಚ್ಚಗಿತ್ತು, ಅಷ್ಟೇ. ಹಳೆಯ ಬೋರ್ಡನ್ನು ಮತ್ತೆ ಯಾರೂ ಬಳಸದಂತೆ ಅದರ ವೈರನ್ನು ಎಲೆಕ್ಟ್ರಿಷಿಯನ್ ಅಲ್ಲೇ ಕತ್ತರಿಸಿ ಹಾಕಿದರು.