17ರ ರಿಫ್ ಕೊನೆಗೂ ಕೂತಿತು

ಕೂತಿತು! ಎಂಟು ತಂತಿಯ ಗಿಟಾರ್‌ನಲ್ಲಿ ನಾನು ನುಡಿಸುತ್ತಿರೋ ಮೆಟಲ್ ರಿಫ್, ಅಂದರೆ ಸುತ್ತಿ ಸುತ್ತಿ ಬರುವ ಚಿಕ್ಕ ನುಡಿಕೆ. ಎಂಟು ಬಾರ್ (ಬಾರ್ ಅಂದರೆ ನಾಲ್ಕು ಬೀಟ್‌ನ ಆವರ್ತ) ಪೂರ್ತಿ, ಒಂದೇ ಟೇಕ್, ಎಲ್ಲೂ ಕತ್ತರಿ ಹಾಕಿಲ್ಲ.  ಇಷ್ಟು ದಿನ ತಲೆ ತಿಂದಿದ್ದು ಒಂದೇ ಜಾಗ: ಐದನೇ ಸುತ್ತು.

ರಿಫ್‌ನ ಒಂದು ಸುತ್ತು 17 ಸಿಕ್ಸ್‌ಟೀನ್ತ್ (ಬೀಟ್‌ನ ಕಾಲು ಭಾಗ) ಉದ್ದ. ಬಾಯಲ್ಲಿ ಹೇಳಿದರೆ ತಕಿಟ ತಕಿಟ ತಕಿಟ ತಕಿಟ ತದಿಗಿಣತೊಂ. ಡ್ರಮ್ ಮಾತ್ರ ಸೀದಾ ನಾಲ್ಕರ ಲೆಕ್ಕ. ಪ್ರತಿ ಬೀಟ್‌ಗೂ ಚೈನಾ ಅನ್ನೋ ಸಿಂಬಲ್, ಮೂರನೇ ಬೀಟ್‌ಗೆ ಚುರುಕು ಸದ್ದಿನ ಸ್ನೇರ್ ಡ್ರಮ್, ಕಾಲಲ್ಲಿ ಹೊಡೆಯುವ ಕಿಕ್ ಡ್ರಮ್ ಪೂರ್ತಿ ಗಿಟಾರ್ ಜೊತೆ. ಬಾರ್‌ನಲ್ಲಿ ಇರೋದು 16 ಸಿಕ್ಸ್‌ಟೀನ್ತ್, ಹಾಗಾಗಿ ಪ್ರತಿ ಸುತ್ತೂ ಒಂದು ಸಿಕ್ಸ್‌ಟೀನ್ತ್ ತಡವಾಗಿ ಶುರುವಾಗುತ್ತದೆ. ಎರಡು, ಮೂರು, ನಾಲ್ಕನೇ ಸುತ್ತು ಬೀಟ್‌ಗಳ ಸಂದಿಯಲ್ಲಿ ಹುಟ್ಟುತ್ತವೆ. ಅದು ಕೈಗೆ ಬೇಗ ಒಗ್ಗುತ್ತದೆ. ಐದನೆಯದು ನೆಟ್ಟಗೆ ಬೀಟ್ ಮೇಲೆ ಬಂದು ಬೀಳುತ್ತದೆ, ಅಬ್ಬಾ ಮನೆ ಸಿಕ್ತು ಅಂತ ಕಿವಿ ಖುಷಿಪಡುತ್ತದೆ, ಆದರೆ ಅದು ಐದನೇ ಬಾರ್‌ನ ಎರಡನೇ ಬೀಟ್! ಕಿವಿ ಅದನ್ನೇ ಬಾರ್‌ನ ಒಂದನೇ ಬೀಟ್ ಅಂತ ಹಿಡಿದುಕೊಂಡರೆ ಸ್ನೇರ್ ಒಂದು ಬೀಟ್ ಮುಂಚೆ ಬಂದಂತೆ ಕೇಳುತ್ತದೆ, ಕೈ ಗಾಬರಿಯಾಗುತ್ತದೆ, ಮುಂದಿನದೆಲ್ಲ ಚಿಂದಿ.

ನಿಧಾನ ಮಾಡಿದರೂ ಇದು ಹೋಗಲಿಲ್ಲ. 60 ಬಿಪಿಎಂನಲ್ಲೂ (ನಿಮಿಷಕ್ಕೆ 60 ಬೀಟ್) ಕಿವಿ ಅಲ್ಲೇ ಮೋಸ ಹೋಗುತ್ತದೆ, ಯಾಕಂದ್ರೆ ತೊಂದರೆ ವೇಗದ್ದಲ್ಲ. ಚೈನಾ ನಂಬಿಯೂ ಪ್ರಯೋಜನವಿಲ್ಲ, ನಾಲ್ಕೂ ಏಟು ಒಂದೇ ಥರ ಕೇಳುತ್ತವೆ. ಬಾರ್ ಎಲ್ಲಿದೆ ಅಂತ ಹೇಳೋದು ಸ್ನೇರ್ ಮಾತ್ರ. ಹಾಗಾಗಿ ಮೆಟ್ರೊನೋಮ್‌ನ ಕ್ಲಿಕ್ ತೆಗೆದೆ, ಚೈನಾ ಮ್ಯೂಟ್ ಮಾಡಿದೆ, ಬರೀ ಸ್ನೇರ್ ಬಿಟ್ಟುಕೊಂಡೆ. ಲೂಪ್‌ನ ಶುರುವನ್ನೇ ಐದನೇ ಬಾರ್‌ಗೆ ಇಟ್ಟು, ಅಲ್ಲಿಂದ ಕೊನೆವರೆಗೆ ಮಾತ್ರ ನುಡಿಸಿದೆ. ಕೊನೆಯೂ ಮುಖ್ಯ: ಎಂಟು ಬಾರ್ ಅಂದರೆ 128 ಸಿಕ್ಸ್‌ಟೀನ್ತ್, ಏಳು ಸುತ್ತಿಗೆ 119 ಆಯಿತು, ಉಳಿದದ್ದು 9. ಅಂದರೆ ಎಂಟನೇ ಸುತ್ತು ಮೂರು ತಕಿಟಕ್ಕೇ ತುಂಡಾಗಿ, ಎಲ್ಲರೂ ಒಟ್ಟಿಗೆ ಒಂದನೇ ಬೀಟ್‌ಗೆ ಬರಬೇಕು. ಆ ಬಂದು ಸೇರುವ ಏಟಿದೆಯಲ್ಲ, ಮೈ ಜುಮ್ಮೆನ್ನುತ್ತದೆ.

ಈ ಸಂಗೀತ ಬರೀ ಲೆಕ್ಕ, ಭಾವನೆಯೇ ಇಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಸ್ವೀಡನ್ನಿನ ಮೆಟಲ್ ಬ್ಯಾಂಡ್ ಮೆಶುಗ್ಗಾ ಕೇಳಿ, ಮೇಲೆ ಗಿಟಾರ್ ಎಷ್ಟೇ ಜಾರಿದರೂ ಡ್ರಮ್ಮರ್ ಟೊಮಾಸ್ ಹಾಕೆಯ ಕೈ ನಾಲ್ಕನ್ನು ಹಿಡಿದೇ ಇರುತ್ತದೆ. ತಲೆ ಆಡಿಸೋಕೆ ಅದೇ ಸಾಕು. ಲೆಕ್ಕ ಗೊತ್ತಿಲ್ಲದವರಿಗೂ ಆ ಎಳೆದಾಟ ಹೊಟ್ಟೆಯಲ್ಲೇ ಗೊತ್ತಾಗುತ್ತದೆ, ಅಲ್ವಾ?

ಇನ್ನು ತಂತಿ ಗೋಳು. ಎಂಟನೇ ತಂತಿ, ಕೆಳಗಿನ ಎಫ್ ಶಾರ್ಪ್, ಸುಮಾರು 46 ಹರ್ಟ್ಸ್. 74ರ ತಂತಿ (ದಪ್ಪ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ) ಜೋರಾಗಿ ಹೊಡೆದರೆ ಮೊದಲ ಕ್ಷಣ ಶ್ರುತಿ ಮೇಲೇರುತ್ತದೆ, ಅಂಗೈಯಿಂದ ತಂತಿ ಅದುಮಿ ನುಡಿಸುವ ಪಾಮ್ ಮ್ಯೂಟ್‌ನಲ್ಲಿ ಇನ್ನೂ ಎದ್ದು ಕಾಣುತ್ತದೆ. 80ರದು ಬೇಕು ಅಂತ ಬಿಡಿಯಾಗಿ ಆರ್ಡರ್ ಮಾಡಿದರೆ, ಸಪ್ಲೈಯರ್ ಮತ್ತೆ 74ರದೇ ಕಳಿಸಿದ್ದಾರೆ. ಕವರ್ ಮೇಲೆ 80 ಅಂತ ಸ್ಟಿಕ್ಕರ್ ಬೇರೆ! ಮೆಶುಗ್ಗಾದವರೇ 2002ರ ಆಲ್ಬಮ್‌ನ ಗಿಟಾರ್‌ಗಳನ್ನು ಎಂಟು ತಂತಿಯಲ್ಲಿ ಮತ್ತೆ ನುಡಿಸಿ 2006ರಲ್ಲಿ ಬಿಟ್ಟರು. ದಪ್ಪ ತಂತಿ ಬಂದಮೇಲೆ ನಾನೂ ಇದನ್ನು ಇನ್ನೊಮ್ಮೆ ರೆಕಾರ್ಡ್ ಮಾಡುತ್ತೇನೆ.

ಅಷ್ಟರಲ್ಲಿ ಮುಂದಿನದು ತಲೆಯಲ್ಲಿ ಕುಣಿಯುತ್ತಿದೆ. ಎರಡು ಕ್ಲೀನ್ ಗಿಟಾರ್, ಎಡಗಡೆ ಐದರದು, ಬಲಗಡೆ ಏಳರದು, 35ಕ್ಕೊಮ್ಮೆ ಭೇಟಿ. ಡಿಸ್ಟಾರ್ಷನ್ ಇಲ್ಲ, ಡ್ರಮ್ಮೂ ಇಲ್ಲ. ನಾಲ್ಕು ಹಿಡಿಯುವವರು ಯಾರು ಅನ್ನೋದೇ ಪ್ರಶ್ನೆ. ಬಹುಶಃ ಬೇಸ್‌ಗೆ ಕೊಡುತ್ತೇನೆ. ಅದಕ್ಕೂ ಮುಂಚೆ 17ರದಕ್ಕೆ ಬಲಗಡೆಯ ಡಬಲ್ ಟ್ರ್ಯಾಕ್ (ಅದೇ ರಿಫ್ ಇನ್ನೊಮ್ಮೆ ನುಡಿಸಿ ಸೇರಿಸೋದು) ಬಾಕಿ ಇದೆ, ಈ ವಾರ ಅದೇ ಕೆಲಸ.