ಧೂಳನ್ನ ರೇಡಿಯೋದಲ್ಲಿ ಹೆಂಗೆ ನೋಡೋದು?

"85 ಕಿಲೋಮೀಟರ್ ಮೇಲಿರೋ ಧೂಳಿಗೆ ರೇಡಿಯೋ ತರಂಗ ತಾಗಿ ವಾಪಸ್ ಬರುತ್ತಾ?" ಅಂತ ತುಂಬಾ ಜನ ಕೇಳ್ತಾರೆ. ಧೂಳು ಅಂದ್ರೆ ಇಲ್ಲಿ ಉಲ್ಕೆಯ ಪುಡಿ ಮೇಲೆ ಐಸ್ ಕಟ್ಟಿದ ಸಣ್ಣ ಕಣಗಳು. ತರಂಗ ಆ ಧೂಳಿಗೆ ತಾಗಿ ಬರಲ್ಲ. ಆ ಕಣಗಳ ಸೈಜ್ ಕೆಲವು ನ್ಯಾನೋಮೀಟರಿಂದ ಹತ್ತಾರು ನ್ಯಾನೋಮೀಟರ್, ತರಂಗ ನೋಡಿದ್ರೆ ಮೀಟರ್‌ಗಟ್ಟಲೆ ಉದ್ದ. ತರಂಗನ ವಾಪಸ್ ಕಳಿಸೋದು ಅಲ್ಲಿರೋ ಎಲೆಕ್ಟ್ರಾನುಗಳು, ಧೂಳು ಅವುಗಳ ಮೇಲೆ ಏನು ಪರಿಣಾಮ ಮಾಡಿದೆ ಅಂತ ನೋಡಿ ಧೂಳಿನ ಲೆಕ್ಕ ಹಾಕ್ಬೇಕು. ನೇರವಾಗಿ ಹೋಗಿ ಅಳೆಯೋಣ ಅಂದ್ರೆ ಬಲೂನ್ ಅಲ್ಲಿವರೆಗೆ ಏರಲ್ಲ, ಉಪಗ್ರಹ ಅಷ್ಟು ಕೆಳಗೆ ಸುತ್ತಲ್ಲ, ರಾಕೆಟ್ ಬಿಟ್ರೂ ಸ್ವಲ್ಪ ಹೊತ್ತಲ್ಲೇ ಹಾದು ಹೋಗಿಬಿಡುತ್ತೆ.

ಬೇಸಿಗೇಲಿ ಧ್ರುವದ ಹತ್ರ ಆ ಎತ್ತರದಲ್ಲಿ ಮೈನಸ್ 130 ಡಿಗ್ರಿಗಿಂತಲೂ ಕೆಳಗಿನ ಚಳಿ, ಉಲ್ಕೆ ಸುಟ್ಟು ಉಳಿದ ಪುಡಿ ಮೇಲೆ ನೀರಾವಿ ಹೆಪ್ಪುಗಟ್ಟುತ್ತೆ, ಆ ಕಣಗಳು ಎಲೆಕ್ಟ್ರಾನ್ ಹಿಡ್ಕೊಂಡು ನೆಗೆಟಿವ್ ಚಾರ್ಜ್ ಆಗ್ತವೆ. ಗಾಳಿಯ ಸುಳಿ ಎಲೆಕ್ಟ್ರಾನ್ ದಟ್ಟಣೆಯಲ್ಲಿ ಎಬ್ಬಿಸಿದ ಏರುಪೇರು ಬರೀ ಎಲೆಕ್ಟ್ರಾನ್ ಇದ್ರೆ ಬೇಗ ಅಳಿಸಿ ಹೋಗ್ತಿತ್ತು, ಈ ಭಾರದ ಕಣಗಳು ಮಾತ್ರ ಬೇಗ ಹರಡಲ್ಲ, ಎಲೆಕ್ಟ್ರಾನುಗಳನ್ನೂ ಹರಡೋಕೆ ಬಿಡಲ್ಲ. ರೇಡಾರ್ ತರಂಗದ ಅರ್ಧ ಉದ್ದದಷ್ಟು ಅಂತರದ ಏರುಪೇರು ಉಳಿದ್ರೆ ಪ್ರತಿಧ್ವನಿ ಜೋರಾಗಿ ಬರುತ್ತೆ. ಅಲಾಸ್ಕಾದ ಪೋಕರ್ ಫ್ಲ್ಯಾಟ್‌ನಲ್ಲಿ 50 ಮೆಗಾಹರ್ಟ್ಸ್ ರೇಡಾರಿಗೆ 1979ರಲ್ಲಿ ಇದು ಸಿಕ್ಕಿತ್ತು.

ನನಗೆ ತುಂಬಾ ಇಷ್ಟವಾದ ಪ್ರಯೋಗ ನಾರ್ವೆಯ ಟ್ರೊಮ್ಸೊ ಹತ್ರದ ಐಸ್‌ಕ್ಯಾಟ್ ಅನ್ನೋ ರೇಡಾರ್ ಕೇಂದ್ರದ್ದು. ಅಲ್ಲಿ ರೇಡಾರ್ ಜೊತೆ ಹೀಟರ್ ಅನ್ನೋ ದೊಡ್ಡ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಇದೆ. ಅದನ್ನ ಆನ್ ಮಾಡಿದ್ರೆ ಮೇಲೆ ಬಿಸಿಯಾಗೋದು ಎಲೆಕ್ಟ್ರಾನ್ ಮಾತ್ರ, ಗಾಳಿ, ಐಸ್ ಹಂಗೇ ಇರುತ್ತೆ. ಬಿಸಿ ಎಲೆಕ್ಟ್ರಾನ್ ಹೆಚ್ಚು ಹರಡೋದ್ರಿಂದ ಪ್ರತಿಧ್ವನಿ ತಕ್ಷಣ ಕುಸಿಯುತ್ತೆ, ಇದು 2000ದ ಸುಮಾರಿಗೇ ಗೊತ್ತಾಗಿತ್ತು. ಆಮೇಲೆ ವಿಜ್ಞಾನಿ ಊವೆ ಹಾವ್ನೆಸ್ ಮತ್ತವರ ತಂಡ 20 ಸೆಕೆಂಡ್ ಆನ್, 160 ಸೆಕೆಂಡ್ ಆಫ್ ಮಾಡಿ ನೋಡಿ 2003ರಲ್ಲಿ ಬರೆದಿದ್ದು ಏನಂದ್ರೆ, ಆಫ್ ಮಾಡಿದ ಕೂಡ್ಲೆ ಪ್ರತಿಧ್ವನಿ ಮೊದಲಿನ ಮಟ್ಟಕ್ಕೆ ಬಂದು ನಿಲ್ಲಲ್ಲ, ಅದನ್ನೂ ದಾಟಿ ಮೇಲೆ ಹೋಗುತ್ತೆ! ಆ 20 ಸೆಕೆಂಡಲ್ಲಿ ಬಿಸಿ ಎಲೆಕ್ಟ್ರಾನುಗಳು ಕಣಗಳಿಗೆ ಬಡಿದು ಬಡಿದು ಚಾರ್ಜ್ ಏರಿಸಿರ್ತವೆ, ಸ್ವಿಚ್ ಆಫ್ ಆದಮೇಲೆ ಎಲೆಕ್ಟ್ರಾನ್ ತಕ್ಷಣ ತಣ್ಣಗಾಗುತ್ತೆ ಆದ್ರೆ ಕಣದ ಮೇಲಿನ ಚಾರ್ಜ್ ಅಷ್ಟು ಬೇಗ ಇಳಿಯಲ್ಲ. ಪಾಸಿಟಿವ್ ಅಯಾನ್ ಬಂದು ಅಂಟ್ಕೊಂಡಂಗೆಲ್ಲ ನಿಧಾನಕ್ಕೆ ಇಳಿಯುತ್ತೆ, ಅಷ್ಟರಲ್ಲಿ ಗಾಳಿ ಈ ಕಣಗಳ ಹೊಸ ಮೋಡನ ರೇಡಾರ್ ನೇರಕ್ಕೆ ತಂದಿರುತ್ತೆ. ಆ 160 ಸೆಕೆಂಡ್ ಬಿಡುವು ಅದಕ್ಕೇ.

ಎಷ್ಟು ಕುಸೀತು, ಎಷ್ಟು ಜಿಗೀತು, ಎಷ್ಟು ಹೊತ್ತಲ್ಲಿ ಇಳೀತು ಅನ್ನೋ ಗೆರೆಯ ಆಕಾರನ ಲೆಕ್ಕದ ಮಾಡೆಲ್ ಜೊತೆ ಹೋಲಿಸಿದ್ರೆ ಕಣದ ಸೈಜ್, ದಟ್ಟಣೆ ಅಂದಾಜು ಸಿಗುತ್ತೆ. ಕೈಗೆ ಎಟುಕದ ಕಣದ ಗಾತ್ರನ ಒಂದು ಸ್ವಿಚ್ ಹಾಕಿ ಆರಿಸಿ ತಿಳ್ಕೊಳ್ಳೋದಿದೆಯಲ್ಲ, ಎಷ್ಟು ಸಲ ಓದಿದ್ರೂ ನನಗೆ ಸಾಕಾಗಲ್ಲ.

ತಿರುಪತಿ ಹತ್ರ ಗಾದಂಕಿಯಲ್ಲಿ ನಮ್ದೇ 53 ಮೆಗಾಹರ್ಟ್ಸ್ ರೇಡಾರ್ ಇದೆಯಲ್ಲ, ಅಲ್ಲಿ ಕಾಣಲ್ವಾ ಅಂತಾನೂ ಕೇಳ್ತಾರೆ. ಅಲ್ಲೂ 70-80 ಕಿಲೋಮೀಟರ್ ಎತ್ತರದಿಂದ ಪ್ರತಿಧ್ವನಿ ಬರುತ್ತೆ, ಆದ್ರೆ ಉಷ್ಣವಲಯದ ಮೇಲೆ ಆ ಎತ್ತರದಲ್ಲಿ ಐಸ್ ಕಟ್ಟೋವಷ್ಟು ಚಳಿ ಇಲ್ಲ, ಅದು ಗಾಳಿಯ ಸುಳಿಯಿಂದ ಬರೋ ಬೇರೆ ಥರದ ಪ್ರತಿಧ್ವನಿ.